ಟಾರ್ಚಪ್ಪನ ಮುರಿದ ಸೀಟು

ನಮ್ಮ ಟಾಕೀಸಿನ ಟಾರ್ಚಪ್ಪನನ್ನು ನೀವು ನೋಡಬೇಕು. ಕತ್ತಲಲ್ಲಿ ಸೀಟು ತೋರಿಸುವುದು ಅವನ ಕೆಲಸ. ಅವನ ಮಾತು ನಂಬಿದರೆ ಅಲ್ಲಿ ಒಂದು ಸೀಟೂ ನೆಟ್ಟಗಿಲ್ಲ. ಈ ವಾರ ಯಾರೂ ಹೆಸರು ಕೇಳದ, ಹೆಚ್ಚು ಮಾತೂ ಇಲ್ಲದ ಸಿನಿಮಾ ಬಂದಿದೆ. ಪ್ರೀತಿಸಿದವಳು ಬಿಟ್ಟುಹೋದ ಮೇಲೂ ಒಬ್ಬ ದಿನಾ ಎರಡು ಲೋಟ ಟೀ ಕಾಸಿ ಒಂದನ್ನು ಚೆಲ್ಲುವುದೇ ಕಥೆ. ನೋಡಲು ಬರುವವರೂ ಒಂಟಿಗಳೇ, ಮೂಲೆಗೊಬ್ಬರಂತೆ ಕೂರಲು ಹೊರಡುತ್ತಾರೆ. ಟಾರ್ಚಪ್ಪ ಬಿಟ್ಟಾನೆಯೇ? "ಅಲ್ಲಿ ಸ್ಪ್ರಿಂಗ್ ಚುಚ್ಚತ್ತೆ ತಾಯಿ, ಇಲ್ಲಿ ಬನ್ನಿ." "ಅದ್ರ ಕೈ ಮುರಿದಿದೆ ಸ್ವಾಮಿ, ಇವ್ರ ಪಕ್ಕ ಕೂತ್ಕೊಳ್ಳಿ." ಹೀಗೆ ಎಲ್ಲರನ್ನೂ ಒಂದೇ ಸಾಲಿಗೆ ತಂದು ಕೂರಿಸುತ್ತಾನೆ. ಮಧ್ಯಂತರದ ಹೊತ್ತಿಗೆ ಅಳುತ್ತಿದ್ದವರು ಕರವಸ್ತ್ರ ಹಂಚಿಕೊಂಡು, "ಆ ಟೀ ಚೆಲ್ಲೋ ಬದ್ಲು ನಮಗಾದ್ರೂ ಕೊಡ್ಬಾರ್ದಾ!" ಎಂದು ನಗುತ್ತಿರುತ್ತಾರೆ. ಟಾರ್ಚಪ್ಪ ಮಾತ್ರ ಕೊನೆಯ ಸಾಲಿನಲ್ಲಿ, ಪಕ್ಕದ ಸೀಟಿನ ಮೇಲೆ ಟೋಪಿ ಇಟ್ಟು, ಒಬ್ಬನೇ ಕೂರುತ್ತಾನೆ. ಅವನನ್ನು ಬಿಟ್ಟುಹೋದವಳು ಹಿಂದೆ ಅಲ್ಲಿ ಕೂರುತ್ತಿದ್ದಳಂತೆ. ಯಾರು ಹತ್ತಿರ ಬಂದರೂ "ಇದೂ ಮುರಿದಿದೆ" ಎನ್ನುತ್ತಾನೆ. ಆದರೆ ದಿನಾ ಬೆಳಿಗ್ಗೆ ಅವನು ಆ ಸೀಟಿಗೆ ಎಣ್ಣೆ ಬಿಡುವುದನ್ನು ಟಿಕೆಟ್ ಕೊಡುವಾಕೆ ನೋಡಿದ್ದಾಳೆ. ನಿನ್ನೆ ಆ ಟಿಕೆಟಿನಾಕೆಯೇ ಬಂದು ಟೋಪಿಯನ್ನೆತ್ತಿ ಅವನ ತಲೆಗಿಟ್ಟು, "ನಿಮ್ಮ ಮುರಿದ ಸೀಟು ಕಿರ್ ಅಂತಾನೂ ಅನ್ನಲ್ವಲ್ರೀ!" ಎಂದು ಕೂತೇಬಿಟ್ಟಳು. ಆ ಗಡಿಬಿಡಿಯಲ್ಲಿ ಟಾರ್ಚಪ್ಪನ ಕೈ ತಾಗಿ ಟಾರ್ಚು ಹೊತ್ತಿಕೊಂಡು, ಇಬ್ಬರ ಮುಖಕ್ಕೂ ಬೆಳಕು ಬಿತ್ತು. ಅಳುತ್ತಿದ್ದ ಸಾಲಿಗೆ ಸಾಲೇ ತಿರುಗಿ ನೋಡಿ ಚಪ್ಪಾಳೆ ತಟ್ಟಿತು.