ರಾಗದಲ್ಲಿ ಏಳರ ಮಗ್ಗಿ

ಮೊನ್ನೆ ಹಿತ್ತಲಿನ ಕೊತ್ತಂಬರಿ ಕೊಡಲು ಪಕ್ಕದ ಮನೆಗೆ ಹೋದೆ. ಮೈಸೂರಿನ ಹುಡುಗಿ ಶ್ವೇತಾ, ಏಳು ತಿಂಗಳ ಬಸುರಿ, ಸೋಫಾಕ್ಕೆ ಒರಗಿ ಹೊಟ್ಟೆಗೆ ಹೆಡ್‌ಫೋನ್ ತೊಡಿಸಿದ್ದಳು. ಒಳಗಿನವರಿಗೆ ಪಿಯಾನೋ ಕೇಳಿಸುತ್ತಿತ್ತಂತೆ. “ಬ್ರೈನ್ ಚೆನ್ನಾಗಿ ಬೆಳೆಯತ್ತಂತೆ ಅಂಕಲ್!” ನಗು ಬಂತು. ಆದರೆ ನಗುವ ಯೋಗ್ಯತೆ ನನಗಿಲ್ಲ. ಯಾಕೆಂದು ನಿಮಗೂ ಹೇಳಿಬಿಡುತ್ತೇನೆ.

ತೊಂಬತ್ತರ ದಶಕ. ಆಸ್ಟ್ರೇಲಿಯಾದ ಅಡಿಲೇಡಿನ ಕಿಲ್ಬರ್ನ್ ಬಡಾವಣೆಯಲ್ಲಿ ನಮ್ಮ ಬಾಡಿಗೆ ಮನೆ. ಮಗಳು ಅನು ಮೂರನೇ ತರಗತಿ, ಲೆಕ್ಕದಲ್ಲಿ ತೀರ ಹಿಂದೆ. ಹೀಗೇ ಆದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಬೇಕಾದೀತು ಎಂದು ಟೀಚರ್ ಚೀಟಿ ಕಳಿಸಿದ್ದರು. ಎಂಜಿನಿಯರಾದ ನನ್ನ ಮಾನದ ಪ್ರಶ್ನೆ. ಅದೇ ವಾರ ಹಲ್ಲಿನ ಡಾಕ್ಟರ ಬಳಿ ಕಾಯುತ್ತಿದ್ದಾಗ, ಸಂಗೀತ ಕಲಿತ ಮಕ್ಕಳ ಮಿದುಳು ಚುರುಕಾಗುತ್ತದೆಂದು ಹಳೆಯ ಪತ್ರಿಕೆಯೊಂದರಲ್ಲಿ ಓದಿದೆ. ಮುಂದಿನ ಹಾಳೆಯನ್ನು ಯಾರೋ ಹರಿದೊಯ್ದಿದ್ದರು. ಎಷ್ಟು ದಿನದಲ್ಲಿ ಎಂಬುದು ಅದರಲ್ಲಿತ್ತೇನೋ.

ಅಲ್ಲೇ ಇದ್ದ ಕನ್ನಡದವರು ಸರೋಜಾ ಆಂಟಿ ಶನಿವಾರ ಮಧ್ಯಾಹ್ನ ತಮ್ಮ ಗ್ಯಾರೇಜಿನಲ್ಲಿ ಸಂಗೀತ ಪಾಠ ಹೇಳುತ್ತಿದ್ದರು. ಅನುವನ್ನು ಅಲ್ಲಿಗೆ ಸೇರಿಸಿದೆ. ಒಂದು ಕಡೆ ಹುಲ್ಲು ಕತ್ತರಿಸುವ ಯಂತ್ರ, ಇನ್ನೊಂದು ಕಡೆ ಬಾರ್ಬೆಕ್ಯೂ ಒಲೆ, ನಡುವೆ ಚಾಪೆಯ ಮೇಲೆ ಆರು ಮಕ್ಕಳ ಸರಳೆ ವರಸೆ. ನನ್ನ ಹೆಂಡತಿ ವಸಂತಾಗೆ ಶನಿವಾರ ಆಸ್ಪತ್ರೆಯ ಡ್ಯೂಟಿ. ಹಾಗಾಗಿ ಮಡಿಸುವ ಕುರ್ಚಿಯಲ್ಲಿ ಕೂತು ಮಗಳ ಮಿದುಳನ್ನು ಕಾಯುವ ಕೆಲಸ ನನ್ನದು.

ಅನುವಿಗೆ ಶ್ರುತಿ ದೂರದ ನೆಂಟ. ಆದರೂ ಕಣ್ಣು ಮುಚ್ಚಿ, ಬಾಯಿ ತುಂಬ ಹಾಡುತ್ತಿದ್ದಳು. ಮೂರನೇ ವಾರಕ್ಕೇ ನಾನು ಕೇಳಿದೆ: “ಆಂಟಿ, ಲೆಕ್ಕ ಯಾವಾಗಿಂದ ಬರತ್ತೆ?”

“ಅವಳಿಗೆ ಇನ್ನೂ ‘ರಿ’ನೇ ಬಂದಿಲ್ಲ, ಲೆಕ್ಕ ಎಲ್ಲಿಂದ ಬರ್ಬೇಕಪ್ಪಾ?”

ಕಾಯಲಾಗಲಿಲ್ಲ. ನನಗೆ ಊರಿನ ಮಗ್ಗಿ ಗೊತ್ತಿತ್ತು, ಮಗಳಿಗೆ ಆದಿತಾಳ ಬರುತ್ತಿತ್ತು. ಎರಡನ್ನೂ ಬೆಸೆದುಬಿಟ್ಟೆ. ದಿನಾ ಸಂಜೆ ಅನು ತೊಡೆ ತಟ್ಟಿ, ಬೆರಳೆಣಿಸಿ, ಕೈ ಮಗುಚಿ, ಮಾಯಾಮಾಳವಗೌಳ ರಾಗದಲ್ಲಿ “ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು” ಎಂದು ಹಾಡತೊಡಗಿದಳು. ನಾನು ಬೀಗುತ್ತ ಅನ್ನಕ್ಕಿಡುತ್ತಿದ್ದೆ. ವಸಂತಾ ಮಾತ್ರ, “ಪಾಪ, ಅದನ್ನ ಹಾಡಕ್ಕೆ ಬಿಡಿ ಅಂದ್ರೆ ರೇಷನ್ ಅಂಗಡಿ ಮಾಡ್ಬಿಟ್ರಲ್ಲ!” ಎಂದಳು.

ತಿಂಗಳಾದ ಮೇಲೆ ಶಾಲೆಯಿಂದ ಕರೆ ಬಂತು. ಟೀಚರ್ ಮೆಲ್ಲಗೆ ಅನುವನ್ನು ಕೇಳಿದರು: “ಏಳಾರು ಎಷ್ಟು?”

ಅನು ತೊಡೆ ತಟ್ಟಿ ಮೊದಲಿನಿಂದ ಹಿಡಿದಳು. ಕನ್ನಡದಲ್ಲಿ ಹಾಡಬೇಕು, ಆರಕ್ಕೆ ನಿಲ್ಲಬೇಕು, ಆಮೇಲೆ ಇಂಗ್ಲಿಷಿಗೆ ತರಬೇಕು. ಏಳ್ನಾಕಕ್ಕೆ ಬರುವಷ್ಟರಲ್ಲಿ ಹೊರಗೆ ಗಂಟೆ ಹೊಡೆಯಿತು. ತಾಳ ತಪ್ಪಿತು. ಮತ್ತೆ ಮೊದಲಿನಿಂದ. ನನಗೆ ತಡೆಯಲಾಗದೆ ನಾನೂ ತೊಡೆ ತಟ್ಟತೊಡಗಿದೆ. ಟೀಚರ್ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ತಮ್ಮ ಪುಸ್ತಕದಲ್ಲಿ ಉದ್ದವಾಗಿ ಏನೋ ಬರೆದುಕೊಂಡರು.

ಕಾರಿನಲ್ಲಿ ಅನು ಅಳಲಿಲ್ಲ. ಕಿಟಕಿಯಾಚೆ ನೋಡುತ್ತ, “ಡ್ಯಾಡ್, ಐ ಡೋಂಟ್ ವಾಂಟ್ ಟು ಸಿಂಗ್ ಎನಿಮೋರ್” ಎಂದಳು.

ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಎಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲ. ಆ ವಾರ ಮನೆಯಲ್ಲಿ ಕುಕ್ಕರ್ ಬಿಟ್ಟರೆ ಬೇರೆ ದನಿಯೇ ಇಲ್ಲ. ಶನಿವಾರ ಕೇಳಿಕೊಂಡೆ: “ಮಗ್ಗಿ ಬೇಡಮ್ಮ. ಸುಮ್ನೆ ಹಾಡ್ತೀಯಾ?”

“ನೋ ಸೆವೆನ್ಸ್?”

“ಯಾವುದೂ ಇಲ್ಲ.”

“ಆಂಡ್ ಯು ವೇಟ್ ಔಟ್‌ಸೈಡ್.”

ಅಂದಿನಿಂದ ನಾನು ಗ್ಯಾರೇಜಿನ ಹೊರಗೆ, ಕಸದ ಡಬ್ಬಿಯ ಪಕ್ಕ ಕೂತೆ. ಬಾಗಿಲಾಚೆ ಅನು ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರವಾಗಿ ಹಾಡುತ್ತಿದ್ದಳು. ಲೆಕ್ಕವನ್ನು ಶಾಲೆಯವರು ಹುಣಸೆ ಬೀಜದಂಥ ಪ್ಲಾಸ್ಟಿಕ್ ಬಿಲ್ಲೆಗಳನ್ನಿಟ್ಟು ಎರಡು ಟರ್ಮಿನಲ್ಲಿ ಕಲಿಸಿದರು. ಅವಳ ಮಿದುಳಿಗೆ ಸಂಗೀತ ಏನು ಮಾಡಿತೋ ನನಗಿಂದಿಗೂ ಗೊತ್ತಿಲ್ಲ.

ಇದನ್ನೆಲ್ಲ ಕೇಳಿದ ಶ್ವೇತಾ ಹೊಟ್ಟೆಯಿಂದ ಹೆಡ್‌ಫೋನ್ ತೆಗೆದಳು. “ಹಾಗಾದ್ರೆ ಏನ್ ಮಾಡ್ಲಿ ಅಂಕಲ್?”

“ನೀನೇ ಏನಾದ್ರೂ ಹಾಡಮ್ಮ.”

“ಅಯ್ಯೋ, ನಂಗೆ ಹಾಡಕ್ಕೇ ಬರಲ್ಲ!”

“ನನ್ನ ಮಗಳಿಗೂ ಬರಲ್ಲ,” ಎಂದೆ. “ಮೂವತ್ತು ವರ್ಷದಿಂದ ಹಾಡ್ತಾನೇ ಇದ್ದಾಳೆ.”