ಅಪ್ಪನ ಕಿವಿಗೆ ಸಿಕ್ಕ ಅಂಕ

ನನ್ನ ಅಪ್ಪನಷ್ಟು ಬೈಸಿಕೊಂಡ ಮನುಷ್ಯನನ್ನು ನಾನು ಕಂಡಿಲ್ಲ. ಬೈದವರ ಸಾಲಿನಲ್ಲಿ ನಾನೂ ಇದ್ದೆ, ಅದೂ ಮುಂದೆಯೇ. ಅಮ್ಮ ಅಡುಗೆಮನೆಯಿಂದ ಕರೆದರೆ ಬರುತ್ತಿರಲಿಲ್ಲ. ಬಚ್ಚಲಿನ ಬಾಗಿಲ ಹಿಂದಿನಿಂದ ನಾನು ಟವೆಲ್ ಕೇಳಿದರೆ ತರುತ್ತಿರಲಿಲ್ಲ. "ಎಮ್ಮೆ ಮೇಲೆ ಮಳೆ ಸುರಿದ ಹಾಗೆ" ಎಂದು ಅಮ್ಮ ದಿನಕ್ಕೆರಡು ಸಲ ಗೊಣಗುತ್ತಿದ್ದಳು. ಎದುರು ಹೋಗಿ ನಿಂತು ಕೇಳಿದರೆ ಮಾತ್ರ ಥಟ್ಟನೆ ಉತ್ತರ. ಹಾಗಾಗಿ ಅವನ ಕಿವಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬೇಕೆಂದೇ ಸುಮ್ಮನಿರುತ್ತಾನೆ ಎಂದುಕೊಂಡೆವು. ಬೀದಿಯ ಹಾರ್ನು, ನಾಯಿ ಬೊಗಳುವುದು, ಕುಕ್ಕರಿನ ಸೀಟಿ, ಎಲ್ಲ ಕೇಳಿಸುತ್ತಿದ್ದರಿಂದ ಅವನಿಗೂ ಅನುಮಾನವಿರಲಿಲ್ಲ.

ಅಪ್ಪ ಬಟ್ಟೆ ಗಿರಣಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಮಗ್ಗ ನಡೆಸಿದವನು. ತಗಡಿನ ಚಾವಣಿಯ ಕೆಳಗೆ ಎಂಬತ್ತು ಮಗ್ಗ. ಒಳಗೆ ಕಾಲಿಟ್ಟರೆ ನಮ್ಮ ದನಿ ನಮಗೇ ಕೇಳಿಸದು. ಮೇಲ್ವಿಚಾರಕ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಕೂಗುತ್ತಿದ್ದ. ನೇಕಾರರು ಅವನಿಗೆ 'ಗುಡುಗು' ಎಂದು ಹೆಸರಿಟ್ಟಿದ್ದರು. ಮೆಟ್ಟಿಲಿಳಿದರೆ ಅವನ ಪದವಿ ಸವೆದುಹೋಗುತ್ತಿತ್ತೇನೋ.

ಒಂದು ಬೆಳಗ್ಗೆ ಫಿಟ್ಟರ್ ಅಪ್ಪನ ಏಳನೇ ಮಗ್ಗದಡಿಗೆ ಕೈ ಹಾಕಿ ಬೆಲ್ಟ್ ಸರಿಮಾಡುತ್ತಿದ್ದ. ಅಪ್ಪ ನೂಲಿನ ಉರುಳೆ ತರಲು ಹೋಗಿದ್ದವನು ಮರಳಿ ಬಂದ. ಅವನು ನಿಂತ ಕಡೆಯಿಂದ ಫಿಟ್ಟರ್ ಕಾಣುತ್ತಿರಲಿಲ್ಲ. "ಏಳನೇ ಮಗ್ಗ ಚಾಲೂ ಮಾಡ್ಬೇಡ" ಎಂದು ಗುಡುಗು ಮೈಕಿನಲ್ಲಿ ಎರಡು ಸಲ ಅರಚಿದ. ಅಪ್ಪ ಚಾಲೂ ಮಾಡಿದ. ಫಿಟ್ಟರನ ಎರಡು ಬೆರಳು ಹೋದವು. ದಿನಾ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡುತ್ತಿದ್ದವರು ಅವರಿಬ್ಬರೂ.

ಗಿರಣಿಯವರು ಸದ್ದು ಅಳೆಯುವ ಯಂತ್ರ ತಂದು ಏಳನೇ ಮಗ್ಗದ ಹತ್ತಿರ ಹಿಡಿದರು. ಗುಡುಗಿನಿಂದ ಮತ್ತೆ ಕೂಗಿಸಿದರು. ಮಗ್ಗಗಳ ಸದ್ದಿಗಿಂತ ಅವನದೇ ಅಂಕಿ ಮೇಲಿತ್ತು. "ಇಷ್ಟು ಜೋರು ಕೇಳಿಸ್ಲಿಲ್ಲ ಅಂದ್ರೆ ಯಾರ್ರೀ ನಂಬ್ತಾರೆ?" ಎಂದ ಮ್ಯಾನೇಜರ್. ಏನು ಹೇಳಿದ್ದೆಂದು ಎಷ್ಟು ಜನರಿಗೆ ತಿಳಿಯಿತು ಎಂದು ಆ ಬುದ್ಧಿವಂತರ ಹಿಂಡಿನಲ್ಲಿ ಒಬ್ಬನೂ ಕೇಳಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ಬೇಕೆಂದೇ ಆದೇಶ ಮೀರಿದನೆಂದು ಅಪ್ಪನನ್ನು ಅಮಾನತು ಮಾಡಿ, ವಿಚಾರಣೆಗೆ ಕಿವಿಯ ಸರ್ಟಿಫಿಕೇಟ್ ತಾ ಎಂದರು. ಅದರ ಮೇಲೆ ಅವನ ಕೆಲಸ ನಿಂತಿತ್ತು.

ಅಪ್ಪನ ತಂಗಿ, ನನ್ನ ಅತ್ತೆ, ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ರೋಗಿ ಗಾಜಿನಾಚೆ ಹೆಡ್‌ಫೋನ್ ಹಾಕಿ ಕೂರಬೇಕು. ಅತ್ತೆ ರಟ್ಟಿನಿಂದ ಬಾಯಿ ಮುಚ್ಚಿಕೊಂಡು ಐವತ್ತು ಪದ ಓದುತ್ತಾಳೆ, ರೋಗಿ ಒಂದೊಂದನ್ನೂ ತಿರುಗಿ ಹೇಳಬೇಕು. ಅವತ್ತು ಎದುರು ಕೂತವನು ಒಡಹುಟ್ಟಿದ ಅಣ್ಣ. ಅವನು ಹೆದರಿಕೊಂಡಿದ್ದ. ನಗಿಸಲೆಂದು ರಟ್ಟನ್ನು ಪಕ್ಕಕ್ಕಿಟ್ಟು, ಮುಖ ನೋಡುತ್ತಾ ಓದಿದಳು. ಐವತ್ತಕ್ಕೆ ನಲವತ್ತಾರು.

"ನಮ್ಮಣ್ಣನ ಕಿವಿ ಚಿನ್ನದಂಥದ್ದು" ಎಂದು ಹೆಮ್ಮೆಯಿಂದ ಸಹಿ ಹಾಕಿದಳು. ಕೋಲು ಕೊಟ್ಟು ಪೆಟ್ಟು ತಿಂದ ಹಾಗಾಯಿತು. ಚಿನ್ನದಂಥ ಕಿವಿಯಿದ್ದೂ ಮಗ್ಗ ಚಾಲೂ ಮಾಡಿದನೆಂದರೆ ಅದು ಸೊಕ್ಕಲ್ಲದೆ ಇನ್ನೇನು?

ವಿಚಾರಣೆಗೆ ಮೂರು ದಿನವಿದ್ದಾಗ, ಸಂಜೆ, ಅತ್ತೆ ಮನೆಗೆ ಬಂದು ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. "ಕೇಳಿಸ್ತು ಅಂದ್ಮೇಲೆ ಯಾಕೆ ಚಾಲೂ ಮಾಡ್ದೆ ಅಣ್ಣ?"

"ಏನೋ ಕೂಗಿದ್ರು. ಅವರು ದಿನಾ ಕೂಗ್ತಾರೆ."

ಅಷ್ಟರಲ್ಲಿ ಕರೆಂಟ್ ಹೋಯಿತು. ಅತ್ತೆ ಮಾತು ಮುಂದುವರಿಸಿದಳು. ಅಪ್ಪ "ಏನು?" ಎಂದ. ಅವಳು ದನಿ ಏರಿಸಿದಳು. "ಏನು?" ನಾನೂ ಸಿಟ್ಟಿನಿಂದ ಗಂಟಲು ಹರಿದುಕೊಂಡೆ. "ಕೂಗ್ಬೇಡ್ರೇ, ಸದ್ದು ಕೇಳಿಸ್ತಿದೆ, ಮಾತು ತಿಳೀತಿಲ್ಲ" ಎಂದ ಅಪ್ಪ.

ಅತ್ತೆ ಕತ್ತಲಲ್ಲಿ ತಡಕಿ ನನ್ನ ಕೈ ಹಿಡಿದಳು. ಆಮೇಲೆ, "ಅಯ್ಯೋ, ನಾನು ರಟ್ಟು ಹಿಡಿದಿರ್ಲಿಲ್ಲ ಕಣೇ" ಎಂದಳು. "ಮಗ್ಗದೋರು ಒಬ್ಬರ ತುಟಿ ಒಬ್ಬರು ನೋಡ್ಕೊಂಡೇ ಮಾತಾಡೋದು. ಇವನು ನನ್ನ ಬಾಯಿ ಓದಿದಾನೆ."

ಮರುದಿನ ಬಾಯಿ ಮುಚ್ಚಿಕೊಂಡು ಓದಿದಳು. ಇಪ್ಪತ್ತೊಂದು. ದನಿ ಹೆಚ್ಚಿಸಿ ಬೇರೆ ಐವತ್ತು ಪದ ಓದಿದಳು. ಹದಿನೇಳು. ಜೋರು ಮಾಡಿದರೆ ಅಂಕ ಇಳಿಯುವುದು ಹೇಗೆ ಎಂದು ಕೇಳಿದೆ. "ಕೂಗಿದ್ರೆ ಆ, ಓ ಅನ್ನೋ ಸ್ವರಗಳೇ ಉಬ್ತವೆ. ಸ, ತ, ಕ ಅವುಗಳ ಅಡೀಲಿ ಸಿಕ್ಕಿ ಸಾಯ್ತವೆ. ಮಾತು ತಿಳಿಯೋದೇ ಅವುಗಳಿಂದ. ಸವೆದ ಕಿವಿಗಂತೂ ಜೋರು ಮಾಡಿದಷ್ಟೂ ಕಲಸುಮೇಲೋಗರ" ಎಂದು ಅತ್ತೆ ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಗೋಡೆಗೆ ಗುದ್ದಬೇಕೆನಿಸಿತು. ಇಷ್ಟು ವರ್ಷ ಆ ಮನುಷ್ಯನ ಬೆನ್ನಿಗೆ ನಾನು ಕೂಗಿದ್ದೆಲ್ಲ ಒಟ್ಟಿಗೆ ಬಂದು ನನ್ನ ಕೆನ್ನೆಗೆ ಬಾರಿಸಿದ ಹಾಗಾಯಿತು.

ವಿಚಾರಣೆಗೆ ಮೂವರೂ ಹೋದೆವು. ಮ್ಯಾನೇಜರ್ ಎರಡು ಸರ್ಟಿಫಿಕೇಟನ್ನೂ ಪಕ್ಕಪಕ್ಕ ಇಟ್ಟುಕೊಂಡ. "ಮೊದ್ಲು ನಲವತ್ತಾರು, ಈಗ ಇಪ್ಪತ್ತೊಂದು. ಎರಡಕ್ಕೂ ತಂಗೀದೇ ಸಹಿ. ಯಾವುದಮ್ಮಾ ಸುಳ್ಳು?"

"ಮೊದಲನೇದು ನನ್ನ ತಪ್ಪು ಸಾರ್. ಬೇರೆ ಯಾರಿಂದಾದ್ರೂ ಪರೀಕ್ಷೆ ಮಾಡಿಸಿ. ಬೇಕಾದ್ರೆ ಇಲ್ಲೇ ಬಾಯಿ ಮುಚ್ಚಿಕೊಂಡು ಹತ್ತು ಪದ ಓದಿ ನೋಡಿ" ಎಂದಳು ಅತ್ತೆ.

"ಇದೇನು ಶಾಲೇನಾ?" ಅವನ ಹಿಂದೆ ನಿಂತಿದ್ದ ಗುಡುಗು ಹಲ್ಲು ಕಿರಿದ. ಮ್ಯಾನೇಜರ್ ಕಾಗದದಲ್ಲಿ ತಲೆ ಹುದುಗಿಸಿಯೇ ಅಪ್ಪನಿಗೆ ಏನೋ ಕೇಳಿದ. ಅಪ್ಪ ಸುಮ್ಮನಿದ್ದ. ಮ್ಯಾನೇಜರ್ ಮೇಜು ಕುಟ್ಟಿ ಕೂಗಿದ. ಅಪ್ಪ ನನ್ನ ಕಡೆ ನೋಡಿದ. "ನೋಡಿದ್ರಾ ಕೊಬ್ಬು!" ಎಂದು ಮ್ಯಾನೇಜರ್ ಕುರ್ಚಿಯಿಂದ ಎದ್ದ. ಮೇಜು ಸುತ್ತಿ ಬಂದು ಅಪ್ಪನ ಮುಖಕ್ಕೆ ಮುಖ ಕೊಟ್ಟು ನಿಂತ. ಸಿಟ್ಟು ನೆತ್ತಿಗೇರಿ ದನಿ ತಗ್ಗಿತ್ತು. ಒಂದೊಂದೇ ಪದ ಬಿಡಿಸಿ ಹೇಳಿದ.

"ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ."

"ತಿಳೀತು ಸಾರ್" ಎಂದ ಅಪ್ಪ. "ಅವತ್ತು ಇವರೂ ಮೈಕ್ ಬಿಟ್ಟು ಕೆಳಗಿಳಿದು, ಹೀಗೇ ನನ್ನೆದುರು ನಿಂತು ಹೇಳಿದ್ದಿದ್ರೆ ಅವನ ಬೆರಳು ಉಳೀತಿದ್ವು."

ವಿಚಾರಣೆ ಬರೆದುಕೊಳ್ಳುತ್ತಿದ್ದ ಗುಮಾಸ್ತ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ್ ಬೇಡವೆಂದು ತಲೆಯಾಡಿಸಿದ. ವಿಚಾರಣೆಯ ಕಾಗದದಲ್ಲಿ ಅಪ್ಪನ ಆ ಮಾತಿಲ್ಲ. "ಕೆಲಸಗಾರ ಉತ್ತರ ಕೊಡಲಿಲ್ಲ" ಎಂದಿದೆ.