ಸರ್ ಬಿಟ್ಟುಹೋದ ಸ್ಲೈಡುಗಳು

ನವಲಗುಂದದಲ್ಲಿ ನನಗೆ ಗಣಿತ ಕಲಿಸಿದ ಗುರುಗಳು ನಿವೃತ್ತರಾಗುವಾಗ ತಮ್ಮ ಪಾಠದ ಸ್ಲೈಡುಗಳನ್ನೆಲ್ಲ, ಅವರ ಜಾಗಕ್ಕೆ ಮೇಷ್ಟ್ರಾಗಿ ಬಂದ ನನ್ನ ಕೈಗಿಟ್ಟರು. ಅವನ್ನು ತಯಾರಿಸಿದ್ದ ಹಳೆಯ ಸಾಫ್ಟ್‌ವೇರ್ ಪ್ಯಾಕೇಜು ಹೊಸ ಕಂಪ್ಯೂಟರಿನಲ್ಲಿ ನಡೆಯಲಿಲ್ಲ. ಒಳಗೊಳಗೇ ಖುಷಿಪಟ್ಟೆ, ಇನ್ನು ನನ್ನ ಪಾಠ ನಾನೇ ಬರೆಯಬಹುದು! ಅಷ್ಟರಲ್ಲಿ ಅವರ ಫೋನು ಬಂತು.

"ಎಲ್ಲಾ ಓಪನ್ ಆಗ್ಯಾವಿಲ್ಲೋ?"

"ಆಗ್ಯಾವ್ರಿ ಸರ್" ಎಂದುಬಿಟ್ಟೆ.

ಆಡಿದ ಸುಳ್ಳನ್ನು ನಿಜ ಮಾಡಲು, ಹಳೆಯ ಕಮಾಂಡುಗಳು ಹೊಸ ಪ್ಯಾಕೇಜಿಗೆ ತಿಳಿಯುವಂತೆ ಮಾಡುವ ಫೈಲೊಂದನ್ನು ನಡುವೆ ಸೇರಿಸಿದೆ. ಅದೇ ಹಾಳು ಹಳದಿ ಹಿನ್ನೆಲೆಯೊಂದಿಗೆ ಎಲ್ಲ ಸ್ಲೈಡುಗಳೂ ಎದ್ದು ಕೂತವು. ಆರು ವರ್ಷದಿಂದ ಅವನ್ನೇ ತೋರಿಸುತ್ತಿದ್ದೇನೆ.

ಮೊನ್ನೆ ಗುರುಗಳೇ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಪಾಠ ಮುಗಿದ ಮೇಲೆ ನನ್ನ ಬೆನ್ನು ತಟ್ಟಿದರು.

"ಅಗದಿ ನನ್ನ ಪಾಠಾನ ಇದು! ಸ್ಲೈಡಿಗೊಮ್ಮೆ ನನ್ಹಂಗ ಕೆಮ್ಮೂದು ಸೈತ ಕಲತೀಯಲ್ಲೋ!"

ನಾನು ಕೆಮ್ಮುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ.